ಜೀರಿಗೆ ಪೆಪ್ಪರಮಿಂಟಲ್ಲಿ ಪೆಪ್ಪರೂ ಇಲ್ಲ, ಮಿಂಟೂ ಇಲ್ಲ, ಮತ್ತೆ ಆ ಹೆಸರು ಎಂತಕ್ಕೆ?

ಪ್ರಶ್ನೆ: ನಾವು ಸಣ್ಣದಿರುವಾಗ ಜೀರಿಗೆ ಪೆಪ್ಪರಮಿಂಟು ಅಂತ ಬಣ್ಣಬಣ್ಣದ ಸಣ್ಣ ಸಣ್ಣ ಕಾಳು ಸಿಗ್ತಿತ್ತಲ್ಲ, ಮೊನ್ನೆ ಉಡುಪಿ ರಥಬೀದಿ ಹತ್ರ ಕಂಡಿತು ಅಂತ ಮಗಳಿಗೆ ತೆಗೆದುಕೊಟ್ಟೆ. ಅವಳು ತಿಂದು ನೋಡಿ "ಇದ್ರಲ್ಲಿ ಮಿಂಟೇ ಇಲ್ವಲ್ಲ ಅಮ್ಮ" ಅಂದ್ಳು. ನನ್ನತ್ರ ಉತ್ತರ ಇರ್ಲಿಲ್ಲ. ಎಂತ ಕಥೆ ಇದು?

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿಯೇ ಮಾರಾಯ್ರೆ. ಪುದೀನದ ಒಂದು ಎಲೆಯೂ ಆ ಕಡೆ ಸುಳಿದಿರೋದಿಲ್ಲ.

ವಿಷಯ ಎಂತದ್ದು ಅಂದ್ರೆ, ಕನ್ನಡದಲ್ಲಿ ಪೆಪ್ಪರಮಿಂಟು ಅನ್ನೋದು ಒಂದು ರುಚಿಯ ಹೆಸರಲ್ಲ, ಒಂದು ಜಾತಿಯ ಹೆಸರು. ಬಾಯಲ್ಲಿ ಹಾಕಿ ಚೀಪುವ ಸಕ್ಕರೆ ತುಂಡು ಯಾವ್ದಾದ್ರೂ ಪೆಪ್ಪರಮಿಂಟೇ. ಕಿತ್ತಳೆ ತೊಳೆಯ ಆಕಾರದ್ದೂ ಪೆಪ್ಪರಮಿಂಟು, ಶುಂಠಿ ಹಾಕಿದ್ದೂ ಪೆಪ್ಪರಮಿಂಟು, ಪೆಪ್ಪರಮಿಂಟ್ ಹಾಕಿದ ಪೆಪ್ಪರಮಿಂಟೂ ಒಂದುಂಟು. ಯಾವ ಮೆಷಿನಿಂದ ಕಾಪಿ ತೆಗೆದ್ರೂ ಜೆರಾಕ್ಸ್, ಯಾವ ವನಸ್ಪತಿ ತಂದ್ರೂ ಡಾಲ್ಡಾ ಅಂತೇವಲ್ಲ, ಹಾಗೇ ಇದು. ಈಗ ಅದೇ ಕೆಲಸ ಚಾಕ್ಲೇಟ್ ಅನ್ನೋ ಪದ ಮಾಡ್ತಾ ಉಂಟು, ಅಂಗಡಿಯವರು ಚಿಲ್ಲರೆ ಇಲ್ಲ ಅಂತ ಎರಡು ಮಾವಿನಕಾಯಿ ಮಿಠಾಯಿ ಕೈಗೆ ಹಾಕಿ "ಚಾಕ್ಲೇಟ್ ತಗೊಳ್ಳಿ" ಅಂತಾರೆ, ಅದ್ರಲ್ಲಿ ಕೋಕೋ ಎಲ್ಲುಂಟು ಅಂತ ನಾವು ಯಾರೂ ಕೇಳೋದಿಲ್ಲ. ಇನ್ನು ಮೂವತ್ತು ವರ್ಷ ಬಿಟ್ಟು ನಿಮ್ಮ ಮಗಳಿಗೆ ಅವಳ ಮಗಳು ಅದನ್ನೂ ಕೇಳ್ತಾಳೆ, ರೆಡಿ ಇರ್ಲಿ.

ಆದ್ರೆ ಆ ಹೆಸರನ್ನು ಸ್ವಲ್ಪ ಬಿಡಿಸಿ ನೋಡಿದ್ರೆ ಮಜಾ ಇರೋದು. ಪೆಪ್ಪರ್ ಅಂದ್ರೆ ಕಾಳುಮೆಣಸು, ಮಿಂಟ್ ಅಂದ್ರೆ ಪುದೀನ. ಆ ಜಾತಿಯ ಪುದೀನ ನಾಲಿಗೆಗೆ ಮೆಣಸಿನ ಹಾಗೆ ಚುರುಕ್ ಅನ್ನುತ್ತೆ ಅಂತ ಆ ಹೆಸರು ಬಿತ್ತು, ಸಸ್ಯಶಾಸ್ತ್ರದವರೂ ಅದಕ್ಕೆ ಮೆಂಥಾ ಪಿಪೆರಿಟ ಅಂತಲೇ ಕರೀತಾರೆ. ಆ ಪೆಪ್ಪರ್ ಪದ ಎಲ್ಲಿಂದ ಹೋದದ್ದು ಗೊತ್ತುಂಟಾ? ನಮ್ಮ ಪಿಪ್ಪಲಿ ಅಥವಾ ಹಿಪ್ಪಲಿಯಿಂದ. ಸಂಸ್ಕೃತದ ಪಿಪ್ಪಲಿ ಗ್ರೀಕಿಗೆ ಹೋಗಿ ಪೆಪೆರಿ ಆಯ್ತು, ಲ್ಯಾಟಿನಲ್ಲಿ ಪೈಪರ್ ಆಯ್ತು, ಇಂಗ್ಲಿಷಲ್ಲಿ ಪೆಪ್ಪರ್ ಆಗಿ ಹಿಪ್ಪಲಿಯನ್ನು ಬಿಟ್ಟು ಕಾಳುಮೆಣಸಿಗೆ ಅಂಟಿಕೊಂಡಿತು. ಇದೇ ಕರಾವಳಿಯಿಂದ ಹಡಗು ಹಡಗು ಮೆಣಸು ಹೋಗ್ತಿತ್ತು, ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆದದ್ದು. ಅಂದ್ರೆ ಪದ ಇಲ್ಲಿಂದ ಹೋಗಿ, ಅಲ್ಲಿ ಪುದೀನಕ್ಕೆ ಹೆಸರಾಗಿ, ಕೊನೆಗೆ ಸಕ್ಕರೆಯಲ್ಲಿ ಅದ್ದಿಕೊಂಡು ನಮ್ಮ ಅಂಗಡಿಯ ಭರಣಿಗೇ ವಾಪಸ್ ಬಂದು ಕೂತಿದೆ. ಹೆಸರಲ್ಲಿ ಜೀರಿಗೆ, ಮೆಣಸು, ಪುದೀನ ಮೂರೂ ಉಂಟು, ಒಳಗೆ ಇರೋದು ಜೀರಿಗೆ ಒಂದೇ. ಸಕ್ಕರೆ ಎಲ್ಲಕ್ಕಿಂತ ಜಾಸ್ತಿ ಉಂಟು, ಅದರ ಹೆಸರು ಮಾತ್ರ ಇಲ್ಲ. ಅಂದ ಹಾಗೆ ಕ್ಯಾಂಡಿ ಅನ್ನೋ ಪದವೂ ಸಂಸ್ಕೃತದ ಖಂಡದಿಂದ ಪರ್ಶಿಯನ್, ಅರಬ್ಬಿ ದಾಟಿ ಹೋದದ್ದೇ, ಅದನ್ನು ಇನ್ನೊಂದು ದಿನ ನೋಡುವ.

ಈಗ ತಿಂಡಿಯ ವಿಷಯಕ್ಕೆ ಬರುವ. ಇದನ್ನು ಮಾಡುವ ಕ್ರಮ ತುಂಬ ಹಳೇದು. ಹುರಿದ ಕಾಳನ್ನು ಬಿಸಿ ಬಾಣಲೆಯಲ್ಲಿ ಹಾಕಿ ಅಲ್ಲಾಡಿಸ್ತಾ ಮೇಲಿಂದ ಸ್ವಲ್ಪ ಸ್ವಲ್ಪವೇ ಸಕ್ಕರೆ ಪಾಕ ಬಿಡೋದು, ಒಂದು ಪದರ ಒಣಗಿದ ಮೇಲೆ ಇನ್ನೊಂದು, ಬಣ್ಣ ಕಡೇ ಪದರಗಳಿಗೆ. ಅವಸರ ಮಾಡಿ ಪಾಕ ಜಾಸ್ತಿ ಬಿಟ್ಟರೆ ಎಲ್ಲ ಒಂದಕ್ಕೊಂದು ಅಂಟಿ ಉಂಡೆ. ಈಗ ತಿರುಗುವ ದೊಡ್ಡ ಪ್ಯಾನಲ್ಲಿ ಮಾಡ್ತಾರೆ ಆದ್ರೆ ಲೆಕ್ಕ ಅದೇ.

ಇದೇ ಕ್ರಮದಲ್ಲಿ ಯುರೋಪಿನವರೂ ಸೋಂಪು, ಕೊತ್ತಂಬರಿ ಕಾಳಿಗೆ ಸಕ್ಕರೆ ಹಚ್ಚಿ ಊಟ ಆದ ಮೇಲೆ ಜೀರ್ಣಕ್ಕೆ ಅಂತ ತಿಂತಿದ್ರು. ಇಂಗ್ಲಿಷರಿಗೆ ಅದು ಕಾಮ್ಫಿಟ್, ಪೋರ್ಚುಗೀಸರಿಗೆ ಕಾನ್ಫೆಯ್ಟೊ, ಇಟಲಿಯವರಿಗೆ ಕಾನ್ಫೆಟ್ಟಿ. ಇಟಲಿಯವರು ಜಾತ್ರೆಯಲ್ಲಿ ಅದನ್ನು ಜನರ ಮೇಲೆ ಎಸೀತಿದ್ರು, ಆಮೇಲೆ ಸಕ್ಕರೆ ಹೋಗಿ ಕಾಗದದ ಚೂರು ಬಂತು, ಈಗ ಬರ್ತ್‌ಡೇ ಪಾರ್ಟಿಯಲ್ಲಿ ಢಂ ಅಂತ ಹಾರಿಸ್ತೀರಲ್ಲ, ಅದಕ್ಕೆ ಕಾನ್ಫೆಟ್ಟಿ ಅನ್ನೋ ಹೆಸರು ಅಲ್ಲಿಂದ. ಲೂಯಿಸ್ ಫ್ರೋಯಿಸ್ ಅಂತ ಒಬ್ಬ ಪೋರ್ಚುಗೀಸ್ ಪಾದ್ರಿ, ಗೋವಾದಲ್ಲಿ ವರ್ಷಗಟ್ಟಲೆ ಇದ್ದು 1563ರಲ್ಲಿ ಜಪಾನಿಗೆ ಹೋದವನು, 1569ರಲ್ಲಿ ಅಲ್ಲಿನ ದೊರೆ ಓಡಾ ನೊಬುನಾಗನಿಗೆ ಗಾಜಿನ ಬಾಟ್ಲಿಯಲ್ಲಿ ಇದನ್ನು ಕಾಣಿಕೆ ಕೊಟ್ಟ. ಜಪಾನಿನವರು ಅದನ್ನು ಕೊಂಪೇಟೊ ಮಾಡಿಕೊಂಡ್ರು, ಮೈ ತುಂಬ ಸಣ್ಣ ಸಣ್ಣ ಮುಳ್ಳು ಎದ್ದ ಬಣ್ಣದ ಕಾಳು, ಒಂದು ಸಲ ಮಾಡ್ಲಿಕ್ಕೆ ಒಂದೆರಡು ವಾರ ಬೇಕಂತೆ! ನಮ್ಮ ಕರಾವಳಿಗೆ ಬಟಾಟೆ, ಅನಾನಸು, ಚಾವಿ ಅಂತ ಅಷ್ಟೆಲ್ಲ ಪದ ಕೊಟ್ಟ ಪೋರ್ಚುಗೀಸರು ಇದನ್ನೊಂದು ಮಾತ್ರ ನಮ್ಮ ಬಾಯಿಗೆ ಹಾಕದೆ ಜಪಾನಿಗೆ ಸಾಗಿಸಿದ್ದು ಯಾಕೋ!

ಮುಳ್ಳಿನ ಕಾಳು ಬೇಕಾದ್ರೆ ಜಪಾನಿಗೇ ಹೋಗ್ಬೇಕಂತಿಲ್ಲ. ಮಹಾರಾಷ್ಟ್ರದವರು ಸಂಕ್ರಾಂತಿಗೆ ಎಳ್ಳಿಗೆ ಸಕ್ಕರೆ ಹಚ್ಚಿ ಹಲ್ವಾ ಅಂತ ಮಾಡ್ತಾರೆ, ಅದಕ್ಕೂ ಮುಳ್ಳು ಉಂಟು, ಅದನ್ನೇ ಪೋಣಿಸಿ ಹೊಸ ಸೊಸೆಗೂ ಮಗುವಿಗೂ ಆಭರಣ ತೊಡಿಸ್ತಾರೆ. ಬೆಂಗಳೂರು ಮೈಸೂರು ಕಡೆಯವರು ಎಳ್ಳು ಬೆಲ್ಲದಲ್ಲಿ ಸೀದಾ ಜೀರಿಗೆ ಪೆಪ್ಪರಮಿಂಟನ್ನೇ ಬೆರೆಸ್ತಾರೆ. ನಮ್ಮಲ್ಲಿ ಆ ಎಳ್ಳು ಬೀರುವ ಗೌಜಿ ಇಲ್ಲ, ನಮಗೆ ಇದು ಜಾತ್ರೆಯ ಸಾಮಾನು.

ನನಗೆ ನೆನಪಿರೋದು ಮಂಗಳೂರಿನ ಕೋಡಿಯಾಲ್ ತೇರಿನದ್ದು. ಅಜ್ಜಿ ಪೇಪರ್ ಪೊಟ್ಟಣದಲ್ಲಿ ಕಟ್ಟಿಸಿ ಕೊಡ್ತಿದ್ರು, ರಥಸಪ್ತಮಿಯ ಸೆಕೆಗೆ ಕೈ ಬೆವರಿ ಅಂಗೈಯಲ್ಲಿ ಗುಲಾಬಿ, ಹಸಿರು, ಹಳದಿ ಎಲ್ಲ ಸೇರಿ ಒಂದು ಕೆಟ್ಟ ಕಂದು ಬಣ್ಣ ಆಗ್ತಿತ್ತು. ಬಾಯಲ್ಲಿ ಮೊದ್ಲು ಬಣ್ಣ ಹೋಗಿ ಬಿಳಿ ಕಾಳಾಗ್ತದೆ, ನಡುನಡುವೆ ಹೊರಗೆ ತೆಗೆದು ನೋಡ್ಲಿಕ್ಕುಂಟು (ಅಜ್ಜಿ ಕಣ್ಣಿಗೆ ಬಿದ್ರೆ ಬೈಗಳು), ಆಮೇಲೆ ಸಿಹಿ ತೆಳ್ಳಗಾಗಿ ಒಮ್ಮೆಲೇ ಹಲ್ಲಿಗೆ ಜೀರಿಗೆ ಸಿಕ್ಕಿ ಕಷಾಯದ ಘಾಟು. ತಮ್ಮ ಅಷ್ಟೊತ್ತಿಗೆ ಥೂ ಅಂತ ಉಗುಳ್ತಿದ್ದ, ನಾನು ಆ ಘಾಟಿಗೆಂದೇ ಕಾಯ್ತಿದ್ದೆ.

ಬಣ್ಣದ ಬಗ್ಗೆ ನೀವು ಕೇಳಲಿಲ್ಲ, ಮಗು ತಿನ್ನೋದು ಅಂತ ಹೇಳ್ತೇನೆ. 2024ರ ಮಾರ್ಚಲ್ಲಿ ನಮ್ಮ ಕರ್ನಾಟಕ ಸರ್ಕಾರ ಬೊಂಬಾಯಿ ಮಿಠಾಯಿಗೆ ರೋಡಮೈನ್ ಬಿ ಹಾಕೋದನ್ನು ನಿಲ್ಲಿಸಿತ್ತಲ್ಲ, ಅದು ಬಟ್ಟೆಗೆ ಹಾಕುವ ಬಣ್ಣ, ಯಾವ ತಿಂಡಿಗೂ ಹಾಕ್ಲಿಕ್ಕಿಲ್ಲ. ಹಾಗಾಗಿ ಬಿಡಿಯಾಗಿ ತಗೊಳ್ಳೋದಕ್ಕಿಂತ ಎಂತೆಲ್ಲ ಹಾಕಿದ್ದಾರೆ ಅಂತ ಬರೆದಿರುವ ಪ್ಯಾಕೆಟ್ ತಗೊಳ್ಳಿ.

ಇನ್ನೊಂದು, ಹೋಟೆಲಲ್ಲಿ ಬಿಲ್ಲಿನ ಜೊತೆ ಬರುವ ಬಣ್ಣದ ಬಡೆಸೊಪ್ಪು ಇದರ ದಾಯಾದಿಯೇ, ಆದ್ರೆ ಇದಲ್ಲ, ಅದು ಉದ್ದ, ಇದು ಗುಂಡಗೆ. ಈಗ ಕೆಲವರು ಜೀರಿಗೆ ಹೆಸರಲ್ಲಿ ಬರೀ ಸಕ್ಕರೆ ಗುಂಡು ಮಾರ್ತಾರೆ. ಮಗಳಿಗೆ ಹೇಳಿ, ಮುಂದಿನ ಸಲ ಚೀಪದೆ ಮೊದ್ಲು ಒಂದನ್ನು ಕಚ್ಚಿ ಎರಡು ತುಂಡು ಮಾಡಿ ನೋಡ್ಲಿಕ್ಕೆ. ನಡುವೆ ಕಂದು ಗೆರೆ ಕಂಡ್ರೆ ಹೆಸರಿನ ಮೊದಲ ಅರ್ಧವಾದ್ರೂ ಸತ್ಯ.