ಟೆಂಟಿನಿಂದ ಜಗಲಿಗೆ: ಪುಟ್ಟ ಮನೆಗಳ ಊರು ಹುಟ್ಟಿದ ಬಗೆ

2000ದ ಡಿಸೆಂಬರ್. ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಮನೆಯಿಲ್ಲದ 8 ಮಂದಿ ಸರ್ಕಾರಿ ಜಾಗದಲ್ಲಿ 5 ಟೆಂಟ್ ಹಾಕಿದರು. ಎಬ್ಬಿಸಿದಾಗಲೆಲ್ಲ ಸಾಮಾನನ್ನು ಅಂಗಡಿಯ ತಳ್ಳುಗಾಡಿಗಳಿಗೆ ತುಂಬಿ, ಸಾಲಾಗಿ ಮೆರವಣಿಗೆ ಹೊರಟು, ಇನ್ನೊಂದು ಕಡೆ ಬೀಡುಬಿಟ್ಟರು. ಜೊತೆಗೆ ಬರುವವರು ಜಾಸ್ತಿಯಾಗುತ್ತಾ ಹೋದರು. ಮರುವರ್ಷ ವಿಮಾನ ನಿಲ್ದಾಣದ ಹತ್ತಿರ, ನಗರದ ತರಗೆಲೆ ಗೊಬ್ಬರವಾಗುವ ಅಂಗಳದ ಪಕ್ಕ ಜಾಗ ಸಿಕ್ಕಿತು. ನಿಧಾನವಾಗಿ ಟೆಂಟ್ ಹೋಗಿ ಮರದ ಪುಟ್ಟ ಮನೆಗಳು ಎದ್ದವು. ಹೆಸರು ‘ಡಿಗ್ನಿಟಿ ವಿಲೇಜ್’. ಮರ್ಯಾದೆಯ ಊರು. ಹೊಡೆದಾಟ ಕೂಡದು, ಕಳ್ಳತನ ಕೂಡದು, ಊರಿನ ಕೆಲಸಕ್ಕೆ ಎಲ್ಲರೂ ಕೈಹಾಕಬೇಕು. ಈ ಕಟ್ಟಳೆಗಳನ್ನು ಮಾಡಿಕೊಂಡವರೂ ಅವರೇ.

ನನ್ನನ್ನು ಜಾಸ್ತಿ ಹಿಡಿದಿಟ್ಟದ್ದು ವಾಷಿಂಗ್ಟನ್ ರಾಜ್ಯದ ಒಲಿಂಪಿಯಾದ ಕಥೆ. 2007ರಲ್ಲಿ ಪೇಟೆಯ ಫುಟ್‌ಪಾತ್ ಮೇಲೆ ಕೂರುವುದಕ್ಕೆ, ಮಲಗುವುದಕ್ಕೆ ನಗರಾಡಳಿತ ಕಡಿವಾಣ ಹಾಕಿತು. ಫುಟ್‌ಪಾತ್ ಬಿಟ್ಟರೆ ಬೇರೆ ಗತಿಯಿಲ್ಲದವರು ಎಲ್ಲಿಗೆ ಹೋಗಬೇಕು? ಪಾರ್ಕಿಂಗ್ ಜಾಗದಲ್ಲಿ ಟೆಂಟ್ ಹೂಡಿ ಪ್ರತಿಭಟಿಸಿದರು. ಅಲ್ಲಿಂದ ಏಳಬೇಕಾಗಿ ಬಂದಾಗ ಒಂದು ಚರ್ಚ್ ತನ್ನ ಅಂಗಳ ಬಿಟ್ಟುಕೊಟ್ಟಿತು. ಆದರೆ ಒಂದೇ ಕಡೆ ತುಂಬಾ ದಿನ ಇರುವ ಹಾಗಿಲ್ಲ. ಕೆಲವು ತಿಂಗಳಿಗೊಮ್ಮೆ ಗಂಟುಮೂಟೆ ಕಟ್ಟಿ ಇನ್ನೊಂದು ಚರ್ಚಿಗೆ. ಏಳು ವರ್ಷ ಹತ್ತಿರ ಹತ್ತಿರ, 20ಕ್ಕೂ ಹೆಚ್ಚು ಸಲ!

2013ರ ಕ್ರಿಸ್‌ಮಸ್ ಹಿಂದಿನ ದಿನ ಆ ಅಲೆದಾಟ ನಿಂತಿತು. ಒಲಿಂಪಿಯಾದಲ್ಲೇ ಅವರಿಗಾಗಿ ಕಟ್ಟಿದ ‘ಕಿಹೋಟೆ ವಿಲೇಜ್’ನಲ್ಲಿ 30 ಮನೆ, ಒಂದೊಂದೂ 144 ಚದರ ಅಡಿ. ಒಳಗೆ ಮಂಚ, ಟಾಯ್ಲೆಟ್, ಬೇಸಿನ್. ಅಡುಗೆಮನೆ, ಸ್ನಾನ, ಬಟ್ಟೆ ಒಗೆಯುವುದು ಎಲ್ಲರಿಗೂ ಸೇರಿದ ಒಂದೇ ಕಟ್ಟಡದಲ್ಲಿ. ಭೂಮಿಗೆ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಆಡಳಿತ ಕೇಳಿದ ಬಾಡಿಗೆ ವರ್ಷಕ್ಕೆ 1 ಡಾಲರ್. ಇರುವವರು ತಮ್ಮ ಆದಾಯದಲ್ಲಿ ಶೇ 30 ಕೊಡುತ್ತಾರೆ. ನಕ್ಷೆ ಬರೆಯುವಾಗ ಟೆಂಟಿನಲ್ಲಿದ್ದವರನ್ನೇ ಕೇಳಿದ್ದರು. ಪ್ರತಿ ಮನೆಯ ಮುಂದೆ ಒಂದು ಚಿಕ್ಕ ಜಗಲಿ ಇದೆ. ಜಗಲಿಯ ಬೆಲೆ ನಮಗೆ ಗೊತ್ತಿರುವುದೇ, ಅಲ್ವಾ? ಬಾಗಿಲು ಹಾಕಿಕೊಂಡರೆ ಒಬ್ಬರೇ ಇರಬಹುದು, ಹೊರಗೆ ಬಂದು ಕೂತರೆ ನೆರೆಮನೆಯವರ ಮುಖ ಕಾಣುತ್ತದೆ.

ಆಮೇಲೆ ಈ ದಾರಿಯನ್ನು ನಗರಾಡಳಿತಗಳೂ ಹಿಡಿದವು. 2021ರಲ್ಲಿ ಲಾಸ್ ಏಂಜಲೀಸ್ ತೆರೆದ ಮೊದಲ ಪುಟ್ಟ ಮನೆಗಳ ಊರಿನಲ್ಲಿ 64 ಚದರ ಅಡಿಗೆ ಎರಡು ಮಂಚ, ಟಾಯ್ಲೆಟ್ ಹೊರಗೆ. ಬೀದಿಗಿಂತ ಖಂಡಿತ ಮೇಲು. ಆದರೆ ಅದು ಬೇರೆ ಮನೆ ಸಿಗುವ ತನಕದ ತಂಗುದಾಣ. ಎರಡನ್ನೂ ‘ಪುಟ್ಟ ಮನೆ’ ಅಂತ ಒಂದೇ ಹೆಸರಿನಿಂದ ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಒಲಿಂಪಿಯಾದ ಆ 30 ಮನೆಗಳಲ್ಲಿ ಇರುವವರಿಗೆ ಖಾಲಿ ಮಾಡುವ ತಾರೀಖು ಯಾರೂ ಗೊತ್ತುಮಾಡಿಲ್ಲ.