ವಿಸಿಬಿ ತೆರೆದರೆ ಪಕ್ಕದ ರಿಲೇ ಯಾಕೆ ಬೆಚ್ಚಿಬೀಳುತ್ತದೆ? ನನ್ನ ಟಿಪ್ಪಣಿ

ಹೋದ ತಿಂಗಳು ಒಂದು ಕಾರ್ಖಾನೆಯ 11 ಕೆವಿ ಪ್ಯಾನೆಲ್ ಮುಂದೆ ನಿಂತಿದ್ದೆ. ದೊಡ್ಡ ಪಂಪಿನ ಮೋಟರ್ ಸ್ಟಾರ್ಟ್ ಮಾಡಿದರು. ಅದು ವೇಗ ಹಿಡಿಯುವ ಮೊದಲೇ ಯಾರೋ ಸ್ಟಾಪ್ ಒತ್ತಿಬಿಟ್ಟರು. ವಿಸಿಬಿ, ಅಂದರೆ ನಿರ್ವಾತದಲ್ಲಿ ಕರೆಂಟ್ ಕಡಿಯುವ ಬ್ರೇಕರ್, ಸರಿಯಾಗೇ ತೆರೆಯಿತು. ಆದರೆ ಪಕ್ಕದ ಫೀಡರ್‌ನ ರಿಲೇ (ದೋಷ ಕಂಡರೆ ಬ್ರೇಕರ್ ತೆರೆಸುವ ಸಾಧನ) ಪರದೆ ಒಮ್ಮೆ ಆರಿ ಮತ್ತೆ ಹತ್ತಿತು. ಇವೆಂಟ್ ಲಿಸ್ಟ್ ನೋಡಿದರೆ, ಯಾರೂ ಮುಟ್ಟದ ಒಂದು ಡಿಜಿಟಲ್ ಇನ್‌ಪುಟ್ ಮೂರು ಸಲ ಆನ್-ಆಫ್ ಆಗಿತ್ತು. "ನಾಯ್ಸ್ ಸಾರ್, ಯಾವಾಗಲೋ ಒಮ್ಮೆ ಹಿಂಗಾಗತ್ತೆ, ಬಿಡಿ" ಅಂದರು ಅಲ್ಲಿನ ಎಲೆಕ್ಟ್ರಿಷಿಯನ್. ಆ "ಯಾವಾಗಲೋ ಒಮ್ಮೆ" ನನ್ನ ತಲೆಯಲ್ಲಿ ಕೂತಿತು. ಓದಿ, ಲೆಕ್ಕ ಹಾಕಿ, ತಪ್ಪು ಮಾಡಿ, ಕೊನೆಗೆ ಅರ್ಥವಾದದ್ದನ್ನು ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಬಾಟಲ್ (ಬ್ರೇಕರ್‌ನ ಗಾಳಿ ತೆಗೆದ ಕೋಣೆ) ಒಳಗೆ ಏನಿದೆ, ಕಾಂಟ್ಯಾಕ್ಟ್ (ದೂರವಾಗಿ ಕರೆಂಟ್ ಕಡಿಯುವ ಲೋಹದ ತುದಿ) ಹೇಗೆ ಚಲಿಸುತ್ತದೆ, ಇದೆಲ್ಲ ನಿಮಗೆ ಗೊತ್ತೇ ಇರುತ್ತದೆ. ಬಿಡುತ್ತೇನೆ. ಒಂದೇ ಮಾತು: ನಿರ್ವಾತ ಆರ್ಕ್ (ಕಾಂಟ್ಯಾಕ್ಟ್‌ಗಳು ಬಿಡುವಾಗ ನಡುವೆ ಹೊತ್ತುವ ಕಿಡಿ) ಆರಿಸುವುದರಲ್ಲಿ ತೀರಾ ಜಾಣ. ಆ ಜಾಣತನವೇ ಇಲ್ಲಿ ತೊಂದರೆ.

ಮೊದಲ ತೊಂದರೆ: ಚಾಪಿಂಗ್

ಕರೆಂಟ್ ಸೊನ್ನೆಗೆ ಇಳಿಯುವ ಸ್ವಲ್ಪ ಮೊದಲೇ ಆರ್ಕ್ ತುಂಡಾಗುತ್ತದೆ. ತಾಮ್ರ-ಕ್ರೋಮಿಯಂ ಕಾಂಟ್ಯಾಕ್ಟ್‌ನಲ್ಲಿ ಸುಮಾರು 3ರಿಂದ 5 ಆಂಪ್ ಇರುವಾಗ. ಆ ಕ್ಷಣ ಮೋಟರ್ ಸುರುಳಿಯಲ್ಲಿ ಉಳಿದ ಶಕ್ತಿ ಕೇಬಲ್‌ನ ಕೆಪಾಸಿಟೆನ್ಸ್‌ಗೆ ಹೋಗಿ ವೋಲ್ಟೇಜ್ ಆಗುತ್ತದೆ. ಸೂತ್ರ: ವೋಲ್ಟೇಜ್ = ಚಾಪ್ ಆದ (ತುಂಡಾದ) ಕರೆಂಟ್ × √(ಎಲ್/ಸಿ). ಎಲ್ ಮೋಟರ್‌ನ ಇಂಡಕ್ಟೆನ್ಸ್, ಸಿ ಕೇಬಲ್‌ನ ಕೆಪಾಸಿಟೆನ್ಸ್.

ನಾನು ಹಿಡಿದ ಲೆಕ್ಕ: ಸ್ಟಾರ್ಟಿಂಗ್ ಕರೆಂಟ್ 300 ಆಂಪ್. ಹಾಗಾದರೆ ಎಲ್ ಸುಮಾರು 67 ಮಿಲಿಹೆನ್ರಿ. ಕೇಬಲ್‌ಗೆ 10 ನ್ಯಾನೋಫ್ಯಾರಡ್ ಅಂತ ಇಟ್ಟುಕೊಂಡೆ. √(ಎಲ್/ಸಿ) ಸುಮಾರು 2,600 ಓಮ್. 4 ಆಂಪ್ ಚಾಪ್ ಆದರೆ 10 ಕೆವಿ ಚಿಲ್ಲರೆ.

ಇಲ್ಲಿ ನಾನು ಮಾಡಿದ ತಪ್ಪು: ಫೇಸ್‌ನ ಪೀಕ್ 9 ಕೆವಿಯನ್ನು ಇದಕ್ಕೆ ಸುಮ್ನೆ ಕೂಡಿಸಿದೆ. ಹಾಗಲ್ಲ. ಕೂಡಬೇಕಾದದ್ದು ಶಕ್ತಿ, ವೋಲ್ಟೇಜ್ ಅಲ್ಲ. ವರ್ಗಗಳನ್ನು ಕೂಡಿ ಮೂಲ ತೆಗೆದರೆ ಸುಮಾರು 13.7 ಕೆವಿ. 12 ಕೆವಿ ಕ್ಲಾಸ್ ಸಾಮಾನಿಗೆ ಒಂದು ನಿಮಿಷ 28 ಕೆವಿ ಕೊಟ್ಟು ಪರೀಕ್ಷೆ ಮಾಡುತ್ತಾರೆ. ಅಂದರೆ ಬರೀ ಚಾಪಿಂಗ್ ಅಷ್ಟೇನೂ ಭಯಂಕರ ಅಲ್ಲ. ಪುಸ್ತಕಗಳು ಅದರ ಬಗ್ಗೆಯೇ ಜಾಸ್ತಿ ಬರೆಯುತ್ತವೆ, ನಾನೂ ಎರಡು ದಿನ ಅಲ್ಲೇ ಸಿಕ್ಕಿಕೊಂಡಿದ್ದೆ.

ನಾನು ಎಡವಿದ್ದು ಇಲ್ಲಿ: ಮರುಹೊತ್ತಿಕೊಳ್ಳುವುದು

ಚಾಪ್ ಆದ ಮೇಲೆ ಮೋಟರ್ ಬದಿ ಸುಮಾರು 6 ಕಿಲೋಹರ್ಟ್ಸ್‌ನಲ್ಲಿ ತೂಗಾಡುತ್ತದೆ. 80 ಮೈಕ್ರೋಸೆಕೆಂಡಿನಲ್ಲಿ ಅದು ಆ ತುದಿಯಿಂದ ಈ ತುದಿಗೆ. ಆಗ ಕಾಂಟ್ಯಾಕ್ಟ್‌ಗಳ ನಡುವೆ 9 + 13.7, ಹತ್ತಿರ ಹತ್ತಿರ 23 ಕೆವಿ. (ಇಲ್ಲಿ ಕೂಡಬಹುದು. ಎರಡು ಬದಿಗಳ ವ್ಯತ್ಯಾಸ ಅಲ್ವಾ.)

ಕಾಂಟ್ಯಾಕ್ಟ್ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ದೂರವಾಗುತ್ತದೆ ಅಂತಿಟ್ಟುಕೊಳ್ಳಿ. ಅಂದರೆ ಒಂದು ಮಿಲಿಸೆಕೆಂಡಿಗೆ 1 ಮಿ.ಮೀ. ಕರೆಂಟ್ ಸೊನ್ನೆಯಾಗುವ 5 ಮಿಲಿಸೆಕೆಂಡ್ ಮೊದಲೇ ಬಿಟ್ಟಿದ್ದರೆ 5 ಮಿ.ಮೀ. ಜಾಗ ಇದೆ, ಆರಾಮ. ಆದರೆ ಬರೀ 0.1 ಮಿಲಿಸೆಕೆಂಡ್ ಮೊದಲು ಬಿಟ್ಟಿದ್ದರೆ? ಜಾಗ 0.2 ಮಿ.ಮೀ. ಕೂಡ ಇಲ್ಲ. ಮಿ.ಮೀ.ಗೆ 25 ಕೆವಿ ತಡೆದರೂ 4 ಕೆವಿ ದಾಟುತ್ತಲೇ ಕಿಡಿ ಹಾರುತ್ತದೆ. ಆರ್ಕ್ ಮತ್ತೆ ಹೊತ್ತಿತು.

ಸರಿ, ಹೊತ್ತಿತು. ಹೊತ್ತಿದ ಮೇಲೆ ಮುಂದಿನ ಅರ್ಧ ಸೈಕಲ್, ಅಂದರೆ 10 ಮಿಲಿಸೆಕೆಂಡ್, ಹರಿದು ಆಮೇಲೆ ಆರಬೇಕಿತ್ತು. ಆಮೇಲೆ ಕಾಂಟ್ಯಾಕ್ಟ್ ದೂರ ಹೋಗಿರುತ್ತದೆ, ಕಥೆ ಮುಗಿಯಿತು. ಹಾಗಾದರೆ ಒಂದೇ ತೆರೆಯುವಿಕೆಯಲ್ಲಿ ಹತ್ತಾರು ಸಲ ಹೊತ್ತಿ-ಆರುವುದು ಎಲ್ಲಿಂದ ಬಂತು? 50 ಹರ್ಟ್ಸ್ ಕರೆಂಟ್‌ಗೆ ಮೈಕ್ರೋಸೆಕೆಂಡಿನಲ್ಲಿ ಸೊನ್ನೆ ಹೇಗೆ ಸಿಗುತ್ತದೆ? ಇದು ನನಗೆ ಮೂರು ದಿನ ತಿಂದ ಪ್ರಶ್ನೆ.

ಉತ್ತರ: ಬ್ರೇಕರ್‌ನ ಕರೆಂಟ್ ಬೇರೆ, ಮೋಟರ್‌ನ ಕರೆಂಟ್ ಬೇರೆ. ಇದನ್ನು ಕೆಂಪು ಇಂಕಿನಲ್ಲಿ ಬರೆದಿಟ್ಟಿದ್ದೇನೆ.

ಕಿಡಿ ಹಾರಿದ ಕ್ಷಣ ಬಸ್‌ಬಾರ್ (ಪ್ಯಾನೆಲ್‌ಗೆ ಸಪ್ಲೈ ತರುವ ಲೋಹದ ಪಟ್ಟಿ) ಬದಿಯ ಕೆಪಾಸಿಟೆನ್ಸ್ ಮತ್ತು ಕೇಬಲ್ ಬದಿಯ ಕೆಪಾಸಿಟೆನ್ಸ್ ನೇರ ಸೇರುತ್ತವೆ. ನಡುವೆ ಮೋಟರ್‌ನ 67 ಮಿಲಿಹೆನ್ರಿ ಇಲ್ಲ. ಬರೀ ತಂತಿಯ ಇಂಡಕ್ಟೆನ್ಸ್, 20 ಮೈಕ್ರೋಹೆನ್ರಿ ಅನ್ನಿ. 4 ಕೆವಿಯನ್ನು ಅದರಿಂದ ಭಾಗಿಸಿದರೆ ಮೈಕ್ರೋಸೆಕೆಂಡಿಗೆ 200 ಆಂಪ್ ಏರಿಕೆ. ಪೀಕ್ ಸುಮಾರು 90 ಆಂಪ್, ಫ್ರೀಕ್ವೆನ್ಸಿ ಸುಮಾರು 350 ಕಿಲೋಹರ್ಟ್ಸ್. ಇದು ಕೇಬಲ್‌ನ ಕರೆಂಟ್. ಅದೇ ಹೊತ್ತಿಗೆ ಮೋಟರ್ ಕರೆಂಟ್ ಮೈಕ್ರೋಸೆಕೆಂಡಿಗೆ 0.13 ಆಂಪ್‌ನಂತೆ ನಿಧಾನ ಏರುತ್ತಿರುತ್ತದೆ. ಬ್ರೇಕರ್ ಮೂಲಕ ಹೋಗುವುದು ಎರಡರ ಮೊತ್ತ. 90 ಆಂಪ್ ಮೇಲೆ-ಕೆಳಗೆ ಕುಣಿಯುತ್ತಿದ್ದರೆ ಆ ಮೊತ್ತ ಒಂದೂವರೆ ಮೈಕ್ರೋಸೆಕೆಂಡಿಗೊಮ್ಮೆ ಸೊನ್ನೆ ದಾಟುತ್ತದೆ!

ಎಣ್ಣೆ ಬ್ರೇಕರ್ ಆಗಿದ್ದರೆ ಇಷ್ಟು ಚುರುಕಾದ ಸೊನ್ನೆಯನ್ನು ಹಿಡಿಯಲು ಆಗುತ್ತಿರಲಿಲ್ಲ. ನಿರ್ವಾತ ಹಿಡಿಯುತ್ತದೆ. ಮೈಕ್ರೋಸೆಕೆಂಡಿಗೆ ನೂರಾರು ಆಂಪ್ ವೇಗದಲ್ಲಿ ಸೊನ್ನೆ ದಾಟುವ ಕರೆಂಟನ್ನೂ ಅದು ತುಂಡು ಮಾಡುತ್ತದೆ. ಆದರೆ ಆಗ ಸೊನ್ನೆಯಾದದ್ದು ಮೊತ್ತ ಮಾತ್ರ. ಮೋಟರ್ ಒಳಗೆ ಕರೆಂಟ್ ಇನ್ನೂ ಇದೆ. ಅದು ಮತ್ತೆ ಸಿಕ್ಕಿಬಿದ್ದು ವೋಲ್ಟೇಜ್ ಆಗುತ್ತದೆ. ಮತ್ತೆ ಕಿಡಿ. ಅಷ್ಟರಲ್ಲಿ ಕಾಂಟ್ಯಾಕ್ಟ್ ಕೂದಲೆಳೆಯಷ್ಟು ದೂರ ಹೋಗಿದೆ, ಈ ಸಲ ಇನ್ನೂ ಜಾಸ್ತಿ ವೋಲ್ಟೇಜ್‌ಗೆ ಹಾರುತ್ತದೆ. ಪ್ರತಿ ಸಲ ಸಪ್ಲೈ ಸ್ವಲ್ಪ ಕರೆಂಟ್ ಒಳಗೆ ತಳ್ಳಿ ಹೋಗುತ್ತದೆ. ಬಡ್ಡಿ ಅಸಲಿಗೆ ಸೇರಿದ ಹಾಗೆ ವೋಲ್ಟೇಜ್ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. ಕಾಂಟ್ಯಾಕ್ಟ್ ಸಾಕಷ್ಟು ದೂರವಾದಾಗ, ಇಲ್ಲವೇ ಕುಣಿತ ತಗ್ಗಿ ಸೊನ್ನೆಯೇ ಸಿಗದೆ ಹೋದಾಗ ಮಾತ್ರ ನಿಲ್ಲುತ್ತದೆ.

(ಈ ಕುಣಿತ ಪಕ್ಕದ ಎರಡು ಫೇಸ್‌ಗೂ ಹಬ್ಬಿ, ಅಲ್ಲೂ ಸುಳ್ಳು ಸೊನ್ನೆ ಹುಟ್ಟಿಸಿದರೆ ಅದಕ್ಕೆ ವರ್ಚುವಲ್ ಚಾಪಿಂಗ್ ಅನ್ನುತ್ತಾರೆ. ಅಲ್ಲಿ ತುಂಡಾಗುವುದು 4 ಆಂಪ್ ಅಲ್ಲ, ಹತ್ತಾರು-ನೂರಾರು ಆಂಪ್. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.)

ರಿಲೇವರೆಗೆ ಹೇಗೆ ಬಂತು: ನನ್ನ ಮೆಚ್ಚಿನ ಅಡ್ಡದಾರಿ

1 ಮೀಟರ್ ತಂತಿ ಅಂದರೆ ಸುಮಾರು 1 ಮೈಕ್ರೋಹೆನ್ರಿ. ಆದ್ದರಿಂದ ಮೈಕ್ರೋಸೆಕೆಂಡಿಗೆ 1 ಆಂಪ್ ಏರಿದರೆ ಮೀಟರಿಗೆ 1 ವೋಲ್ಟ್. ಇಷ್ಟೇ. ಕ್ಯಾಲ್ಕುಲೇಟರ್ ಬೇಡ.

3 ಮೀಟರ್ ಅರ್ಥಿಂಗ್ ಪಟ್ಟಿ, ಅದರಲ್ಲಿ ಮೈಕ್ರೋಸೆಕೆಂಡಿಗೆ ಆ 200 ಆಂಪ್ ಏರಿಕೆ: 600 ವೋಲ್ಟ್. ಅದೇ ಪಟ್ಟಿಯಲ್ಲಿ 50 ಹರ್ಟ್ಸ್‌ನ 100 ಆಂಪ್ ಹರಿದರೆ ಇಂಡಕ್ಟೆನ್ಸ್‌ನಿಂದ ಬರುವುದು 0.1 ವೋಲ್ಟ್ ಕೂಡ ಅಲ್ಲ. ಮೆಗ್ಗರ್, ಅರ್ಥ್ ಟೆಸ್ಟರ್ ಎಲ್ಲದರಲ್ಲೂ ಪಾಸಾದ ಅರ್ಥಿಂಗ್ ಈ ಕುಣಿತದ ಮುಂದೆ ಅರ್ಥ್ ಆಗಿಯೇ ಉಳಿಯುವುದಿಲ್ಲ. ಎಲ್ಲ ಕರೆಂಟೂ ಒಂದೇ ಪಟ್ಟಿಯಲ್ಲಿ ಹೋಗುವುದಿಲ್ಲ ಅನ್ನುವುದು ನಿಜ. ಆದರೂ ಅಂದಾಜಿಗೆ ಇದು ಸಾಕು.

ಈಗ ಆ ಪ್ಯಾನೆಲ್‌ಗೆ ಬನ್ನಿ. ಕಂಟ್ರೋಲ್ ಕೇಬಲ್ ಪವರ್ ಕೇಬಲ್ ಜೊತೆ ಒಂದೇ ಟ್ರೆಂಚ್‌ನಲ್ಲಿ ಮಲಗಿತ್ತು. ಶೀಲ್ಡ್‌ಗೆ (ಒಳಗಿನ ತಂತಿಗಳ ಸುತ್ತ ಇರುವ ಲೋಹದ ಹೊದಿಕೆಗೆ) ಒಂದೇ ತುದಿಯಲ್ಲಿ ಅರ್ಥ್. ಅದೂ ಶೀಲ್ಡನ್ನು ಜಡೆ ಹೆಣೆದು, ಮೊಳದುದ್ದ ಹಸಿರು ತಂತಿ ಸೇರಿಸಿ, ದೂರದ ಬೋಲ್ಟ್‌ಗೆ ಬಿಗಿದಿದ್ದರು.

"ಶೀಲ್ಡ್‌ಗೆ ಒಂದೇ ಕಡೆ ಅರ್ಥ್" ಅಂತ ನಾವೆಲ್ಲ ಕಲಿತಿದ್ದೇವೆ. 4-20 ಮಿಲಿಆಂಪ್ ಸಿಗ್ನಲ್‌ಗೆ, 50 ಹರ್ಟ್ಸ್ ಗುಂಯ್‌ಗುಡುವುದನ್ನು ತಪ್ಪಿಸಲು ಅದು ಸರಿ. ಇಲ್ಲಿ ಉಲ್ಟಾ. ಶೀಲ್ಡ್‌ನಲ್ಲಿ ಎದುರು ಕರೆಂಟ್ ಹರಿದರೆ ತಾನೇ ಒಳಗಿನ ತಂತಿಗೆ ರಕ್ಷಣೆ? ಒಂದು ತುದಿ ತೆರೆದಿದ್ದರೆ ಹರಿಯುವುದು ಹೇಗೆ? ಎರಡೂ ತುದಿಗೆ ಅರ್ಥ್ ಬೇಕು, ಜಡೆ ಬೇಡ, ಗ್ಲ್ಯಾಂಡ್‌ನಲ್ಲೇ (ಕೇಬಲ್ ಪ್ಯಾನೆಲ್ ಒಳಗೆ ಬರುವ ಕಡೆಯ ಲೋಹದ ಹಿಡಿಕೆಯಲ್ಲೇ) ಸುತ್ತಲೂ ಹಿಡಿಯಬೇಕು.

ಪರೀಕ್ಷೆಯ ಅಂಕಿಗಳು ಈಗ ಹೊಳೆಯುತ್ತವೆ

ರಿಲೇಯಂಥ ಸಾಧನ ನಾಯ್ಸ್ ತಡೆಯುತ್ತದೆಯೇ ಎಂದು ನೋಡುವ ಅಂತರರಾಷ್ಟ್ರೀಯ ಪರೀಕ್ಷೆಗಳಿವೆ. ಐಇಸಿ 61000-4-4ರಲ್ಲಿ 5 ನ್ಯಾನೋಸೆಕೆಂಡ್ ಏರಿಕೆ, 50 ನ್ಯಾನೋಸೆಕೆಂಡ್ ಅಗಲದ ಪಲ್ಸ್‌ಗಳ ಗುಂಪು. 61000-4-18ರಲ್ಲಿ 100 ಕಿಲೋಹರ್ಟ್ಸ್ ಮತ್ತು 1 ಮೆಗಾಹರ್ಟ್ಸ್‌ನ ತಗ್ಗುತ್ತಾ ಹೋಗುವ ಅಲೆ. ಮೊದಲು ಬಾಯಿಪಾಠ ಮಾಡಿದ್ದೆ. ನಮ್ಮ 350 ಕಿಲೋಹರ್ಟ್ಸ್ ಆ ಎರಡರ ಮಧ್ಯೆ ಬಂದು ಕೂತಾಗ ಅರ್ಥವಾಯಿತು: ಇವು ಸ್ವಿಚ್ಚಿಂಗ್‌ನ ನಕಲು. ಬ್ರೇಕರ್‌ನ ಮೇನ್ ಸರ್ಕ್ಯೂಟ್‌ಗೆ ಇದರಿಂದ ಏನೂ ಆಗದು, ಪೆಟ್ಟು ತಿನ್ನುವುದು ರಿಲೇ ಮತ್ತು ವೈರಿಂಗ್.



ಎಲ್‌ಎ ಸಾಲದೇ?

ಎಲ್‌ಎ (ಲೈಟ್ನಿಂಗ್ ಅರೆಸ್ಟರ್, ಅತಿ ವೋಲ್ಟೇಜ್ ತಡೆಯುವ ಸಾಧನ) ವೋಲ್ಟೇಜ್‌ನ ತಲೆ ಕತ್ತರಿಸುತ್ತದೆ, ಏರಿಕೆಯ ವೇಗ ಹಾಗೇ ಉಳಿಯುತ್ತದೆ. ನಮಗೆ ಕಾಟ ಕೊಡುವುದೇ ಆ ವೇಗ. ಅದಕ್ಕೆ ಆರ್‌ಸಿ ಸರ್ಜ್ ಸಪ್ರೆಸರ್ (ರೆಸಿಸ್ಟರ್ ಮತ್ತು ಕೆಪಾಸಿಟರ್ ಜೋಡಿ), ಮೋಟರ್ ಟರ್ಮಿನಲ್ ಹತ್ತಿರವೇ. 0.1 ಮೈಕ್ರೋಫ್ಯಾರಡ್ ಸೇರಿಸಿ ಲೆಕ್ಕ ಮಾಡಿದೆ: 2,600 ಓಮ್ ಹೋಗಿ 780 ಆಯಿತು, 10 ಕೆವಿ ಹೋಗಿ 3 ಕೆವಿ, 6 ಕಿಲೋಹರ್ಟ್ಸ್ ಹೋಗಿ 1.9. ಜೊತೆಗಿರುವ ಹತ್ತಾರು ಓಮ್‌ನ ರೆಸಿಸ್ಟರ್ ಕುಣಿತವನ್ನು ಬೇಗ ತಗ್ಗಿಸುತ್ತದೆ.

"ಯಾವಾಗಲೋ ಒಮ್ಮೆ"

23 ಕೆವಿ ತಡೆಯಲು ಮಿ.ಮೀ.ಗೆ 25 ಕೆವಿ ಲೆಕ್ಕದಲ್ಲಿ 0.9 ಮಿ.ಮೀ. ಬೇಕು. ತೂಗಾಟದ ಹೊತ್ತು ಕಳೆದರೆ, ಸೊನ್ನೆಗೆ ಸುಮಾರು 0.8 ಮಿಲಿಸೆಕೆಂಡ್ ಒಳಗೆ ಕಾಂಟ್ಯಾಕ್ಟ್ ಬಿಟ್ಟರೆ ಮಾತ್ರ ಗಲಾಟೆ. ಮೂರು ಫೇಸ್‌ನಲ್ಲಿ 3.3 ಮಿಲಿಸೆಕೆಂಡಿಗೊಂದು ಸೊನ್ನೆ ಬರುತ್ತದೆ. ಅಂದರೆ ಸ್ಟಾರ್ಟಿಂಗ್‌ನಲ್ಲೇ ನಿಲ್ಲಿಸಿದಾಗ ಸುಮಾರು ನಾಲ್ಕರಲ್ಲಿ ಒಂದು ಸಲ. ಮೋಟರ್ ಪೂರ್ತಿ ವೇಗದಲ್ಲಿದ್ದಾಗ ನಿಲ್ಲಿಸಿದರೆ ಅದರ ಬ್ಯಾಕ್ ಇಎಂಎಫ್ (ತಿರುಗುವ ಮೋಟರ್ ತಾನೇ ಹುಟ್ಟಿಸುವ ವೋಲ್ಟೇಜ್) ಇರುವುದರಿಂದ ಕಾಂಟ್ಯಾಕ್ಟ್ ನಡುವೆ ಇಷ್ಟು ವೋಲ್ಟೇಜ್ ಏಳುವುದೇ ಇಲ್ಲ.

ಆ ಎಲೆಕ್ಟ್ರಿಷಿಯನ್ ಹೇಳಿದ್ದು ಸರಿಯಾಗೇ ಇತ್ತು. ಶೀಲ್ಡ್‌ನ ಜಡೆ ಬಿಚ್ಚಿಸಿ ಗ್ಲ್ಯಾಂಡ್ ಹಾಕಿಸಿದ್ದೇವೆ. ಆಮೇಲೆ ಸ್ಟಾರ್ಟಿಂಗ್‌ನಲ್ಲಿ ನಿಂತದ್ದು ಎರಡೇ ಸಲ, ಎರಡೂ ಸಲ ರಿಲೇ ಸುಮ್ಮನಿತ್ತು. ನಾಲ್ಕರಲ್ಲಿ ಒಂದರ ಲೆಕ್ಕದಲ್ಲಿ ಎರಡು ಸಲ ಯಾವ ಮೂಲೆಗೆ? ಸಪ್ರೆಸರ್ ಇನ್ನೂ ಬಂದಿಲ್ಲ.