ಬಡತನದ ಲೆಕ್ಕದಲ್ಲಿ ಜಾಗಕ್ಕೊಂದು ಕಾಲಂ ಇಲ್ಲ

ನಮ್ಮ ದೇಶದ ಬಡತನವನ್ನು ಅಂಕಿಗಳಲ್ಲಿ ಹಿಡಿಯಲು ಮೊದಲು ಹೊರಟವರಲ್ಲಿ ದಾದಾಭಾಯಿ ನವರೋಜಿ ಒಬ್ಬರು. 1870ರ ದಶಕದಲ್ಲಿ ಅವರು ಜೈಲಿನ ಕೈದಿಯ ಊಟ-ಬಟ್ಟೆಯ ಖರ್ಚನ್ನೇ ಅಳತೆಯಾಗಿಟ್ಟುಕೊಂಡು, ಜನರ ತಲಾ ಆದಾಯ ಅಷ್ಟೂ ಇಲ್ಲವೆಂದು ತೋರಿಸಿದರು. ಆಮೇಲಿನ ನೂರು ವರ್ಷವೂ ಲೆಕ್ಕ ಹೊಟ್ಟೆಯ ಸುತ್ತಲೇ ನಡೆಯಿತು. 1971ರಲ್ಲಿ ಅರ್ಥಶಾಸ್ತ್ರಜ್ಞರಾದ ದಾಂಡೇಕರ್ ಮತ್ತು ರಥ್ ದಿನಕ್ಕೆ 2,250 ಕ್ಯಾಲರಿಯ ಊಟ ಹೊಂದಿಸಲಾಗದವನು ಬಡವ ಎಂದರು. 1979ರಲ್ಲಿ ಅಲಘ್ ಕಾರ್ಯಪಡೆ ಹಳ್ಳಿಗೆ 2,400, ಪೇಟೆಗೆ 2,100 ಎಂದಿತು. ಅರ್ಥಶಾಸ್ತ್ರಜ್ಞ ಸುರೇಶ್ ತೆಂಡೂಲ್ಕರ್ ಸಮಿತಿಯ ವಿಧಾನದಲ್ಲಿ 2011-12ರ ಹಳ್ಳಿಯ ಬಡತನ ರೇಖೆ ತಿಂಗಳಿಗೆ ತಲಾ 816 ರೂಪಾಯಿ. ರಂಗರಾಜನ್ ಸಮಿತಿ ಅದನ್ನು 972ಕ್ಕೆ ಏರಿಸಿತು.

ಕರಾವಳಿಯಲ್ಲಿ ಬಡತನ ಇಳಿದ ಬಗೆ ಈ ರೇಖೆಗಳಲ್ಲಿ ಕಾಣುವುದಿಲ್ಲ. ನೇಕಾರರಿಗೆ ನೆರವಾಗಲೆಂದು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಿಂದ ಪಿಗ್ಮಿ ಎಂಬ ಸಣ್ಣ ಉಳಿತಾಯ ಸಂಗ್ರಹಿಸಿತು, ದಿನಕ್ಕೆ ಎರಡಾಣೆಯಂತೆ. ಬೀಡಿ ಕಟ್ಟಿದ ದುಡ್ಡು ಹೆಂಗಸರ ಕೈಗೆ ವಾರವಾರವೂ ಬಂತು, ಮಕ್ಕಳ ಫೀಸಿಗೆ ಒದಗಿತು. ಆದರೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಡಿಕ್ಲರೇಷನ್, ಅಂದರೆ ಒಕ್ಕಲುಗಳು ಗದ್ದೆಯ ಒಡೆತನಕ್ಕೆ ಹಾಕಿದ ಅರ್ಜಿ.

ಅವಿಭಜಿತ ದಕ್ಷಿಣ ಕನ್ನಡದಲ್ಲಿ ಗದ್ದೆ ಮಾಡುವವರಲ್ಲಿ ಬಹಳಷ್ಟು ಮಂದಿ ಗೇಣಿ ಒಕ್ಕಲುಗಳು. ಮೂಲಗೇಣಿಯವರಿಗೆ ಸ್ವಲ್ಪ ಭದ್ರತೆಯಿತ್ತು. ಚಾಲಗೇಣಿಯವರಿಗೆ ಧನಿಗಳ ಮರ್ಜಿಯೇ ಗತಿ. ಬೆಳೆ ಬಂದರೂ ಹೋದರೂ ಮುಡಿ ಲೆಕ್ಕದಲ್ಲಿ ಅಕ್ಕಿ ಅಳೆದು ಕೊಡಬೇಕು. ದೇವರಾಜ ಅರಸರ ಸರಕಾರದ ಭೂ ಸುಧಾರಣಾ ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ, ಒಕ್ಕಲುಗಳು ಭೂ ನ್ಯಾಯಮಂಡಳಿಯ ಮುಂದೆ ಡಿಕ್ಲರೇಷನ್ ಹಾಕಿ ತಾವು ಮಾಡುತ್ತಿದ್ದ ಗದ್ದೆಗೆ ಒಡೆಯರಾದರು. ಇಂದು ತಲಾ ಆದಾಯದಲ್ಲಿ ದಕ್ಷಿಣ ಕನ್ನಡ, ಉಡುಪಿ ಈ ಎರಡು ಜಿಲ್ಲೆಗಳು ರಾಜ್ಯದ ಮುಂಚೂಣಿಯಲ್ಲಿರುವುದಕ್ಕೆ ಮುಂಬಯಿ, ಗಲ್ಫ್, ಬ್ಯಾಂಕು, ಕಾಲೇಜು ಎಂದೆಲ್ಲ ಕಾರಣ ಹೇಳುತ್ತಾರೆ. ಇರಬಹುದು. ಗೇಣಿ ಅಳೆಯುವುದು ನಿಂತ ಮನೆಯಿಂದಲೇ ಮಕ್ಕಳು ಧೈರ್ಯವಾಗಿ ಶಾಲೆಗೆ, ಪರವೂರಿಗೆ ಹೊರಟದ್ದು ಎಂಬುದನ್ನು ನಾನು ಮೊದಲು ಇಡುತ್ತೇನೆ.

ಗೇಣಿಚೀಟಿಯೇ ಇಲ್ಲದವರು ಏನೆಂದು ಡಿಕ್ಲರೇಷನ್ ಹಾಕುವುದು? ಬುಟ್ಟಿ ಹೆಣೆದು ಬದುಕುತ್ತಿದ್ದ ಕೊರಗ ಬುಡಕಟ್ಟಿನವರು ಯಾರ ಒಕ್ಕಲೂ ಆಗಿರಲಿಲ್ಲ. ಅವರನ್ನು ಹೀನಾಯವಾಗಿ ನಡೆಸಿಕೊಂಡ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬರಲು 2000ನೇ ಇಸವಿಯೇ ಆಗಬೇಕಾಯಿತು.

ಲೆಕ್ಕ ಮಾತ್ರ ಈಗ ಸುಧಾರಿಸಿದೆ. 2010ರಲ್ಲಿ ಆಕ್ಸ್‌ಫರ್ಡಿನ ಸಬೀನಾ ಅಲ್ಕೈರ್ ಮತ್ತು ಜೇಮ್ಸ್ ಫಾಸ್ಟರ್ ಅವರ ವಿಧಾನದಲ್ಲಿ ಬಹುಆಯಾಮದ ಬಡತನ ಸೂಚ್ಯಂಕ ಬಂತು. 2021ರಲ್ಲಿ ನೀತಿ ಆಯೋಗ ಅದನ್ನು ನಮ್ಮ ಜಿಲ್ಲೆಗಳಿಗೂ ತಂದಿತು. ಪೌಷ್ಟಿಕತೆ, ಶಾಲೆ, ಶೌಚಾಲಯ, ಅಡುಗೆ ಇಂಧನ ಸೇರಿ 12 ಸೂಚಕಗಳು. 2015-16ರಲ್ಲಿ 24.85 ಶೇಕಡಾ ಇದ್ದ ದೇಶದ ಬಡತನ 2019-21ಕ್ಕೆ 14.96ಕ್ಕೆ ಇಳಿಯಿತೆಂದು ಇದೇ ಅಳತೆ ಹೇಳುತ್ತದೆ. ಕ್ಯಾಲರಿಗಿಂತ ಇದು ಎಷ್ಟೋ ಮೇಲು. ಆದರೂ ಹನ್ನೆರಡರಲ್ಲಿ ಒಂದು ಸೂಚಕ ಬ್ಯಾಂಕ್ ಖಾತೆ. ಬ್ಯಾಂಕುಗಳ ತವರಾದ ಈ ನೆಲದಲ್ಲಿ ಅದು ಯಾವ ಬಡವನನ್ನು ಗುರುತಿಸೀತು? ಆಸ್ತಿಯ ಸೂಚಕ ಟಿವಿ, ಫೋನು, ಸೈಕಲ್ಲು, ಫ್ರಿಜ್ಜು ಕೇಳುತ್ತದೆ. ಜಾಗ ಇದೆಯೇ ಎಂದು ಕೇಳುವುದೇ ಇಲ್ಲ.

ಕೊರಗರ ಸ್ಥಿತಿಗತಿ ಅಧ್ಯಯನ ಮಾಡಿದ ಮಹಮ್ಮದ್ ಪೀರ್ ವರದಿ 1990ರ ದಶಕದಲ್ಲೇ ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಕೊಡಬೇಕೆಂದಿತ್ತು. ಆ ಬೇಡಿಕೆಯನ್ನು ಸಮುದಾಯ ಪ್ರತಿ ಆಗಸ್ಟ್ 18ರ ಭೂಮಿ ಹಬ್ಬದಲ್ಲಿ ಇವತ್ತಿಗೂ ಎತ್ತುತ್ತಿದೆ. ಮುಂದಿನ ಸಮೀಕ್ಷೆಯ ಫಾರಂ ಅಚ್ಚಾಗುವ ಮೊದಲು ಅದರಲ್ಲಿ ಜಾಗಕ್ಕೊಂದು ಕಾಲಂ ಸೇರಿಸಿ, ಈ ಎರಡು ಜಿಲ್ಲೆಗಳ ಕೊರಗರ ಕಾಲೊನಿಗಳಿಂದಲೇ ಎಣಿಕೆ ಶುರು ಮಾಡಲಿ.